ಊಹೆ ತಪ್ಪಿದ ದಿನಕ್ಕೆ ಸೇನೆಯ ಸಿದ್ಧತೆ

(ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ.)

ಸಭಿಕ ಬಂಧುಗಳೇ,

ಸೇನೆಯ ಬಗ್ಗೆ ಮಾತನಾಡುವವನಿಗೆ ಪುಣೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಕ್ಯಾಂಪಿನಲ್ಲಿ ದಕ್ಷಿಣ ಕಮಾಂಡಿನ ಮುಖ್ಯ ಕಚೇರಿಯಿದೆ. ಖಡ್ಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ನಡೆಯುತ್ತಿದೆ. ದಾಪೋಡಿಯಲ್ಲಿ ಸೇನಾ ಎಂಜಿನಿಯರಿಂಗ್ ಕಾಲೇಜು, ಪಾಷಾಣದಲ್ಲಿ ತೋಪು ಬಂದೂಕುಗಳನ್ನು ರೂಪಿಸುವ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಪ್ರಯೋಗಾಲಯ, ದಿಘಿಯಲ್ಲಿ ಸೇತುವೆಗಳನ್ನು ರೂಪಿಸುವ ಇನ್ನೊಂದು ಪ್ರಯೋಗಾಲಯ, ಊರ ಹೊರಗೆ ಖಡಕವಾಸ್ಲಾ ಜಲಾಶಯದ ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ನಿಮ್ಮಲ್ಲಿ ಬಹಳ ಮಂದಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇವುಗಳಲ್ಲಿ ಒಂದಿಲ್ಲೊಂದರ ಕಾಂಪೌಂಡು ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತೀರಿ. ನಾನು ಧಾರವಾಡದ ಕಡೆಯಿಂದ ಬಂದು ಆ ಗೋಡೆಗಳ ಒಳಗೆ ಎಂಜಿನಿಯರ್ ದಳದಲ್ಲಿ, ನಾವು ಸಾಪರ್‌ಗಳು ಎಂದು ಕರೆದುಕೊಳ್ಳುವವರ ನಡುವೆ, ಅರ್ಧ ಆಯುಷ್ಯ ಕಳೆದವನು. ಆದ್ದರಿಂದ ನನ್ನ ಮಾತಿನಲ್ಲಿ ಸೇತುವೆ, ರಸ್ತೆ, ನೆಲಬಾಂಬು, ಬಿಡಿಭಾಗ ಇವೇ ಹೆಚ್ಚು ಬಂದರೆ ನೀವು ಮನ್ನಿಸಬೇಕು.

ಮುಂದಿನ ದಿನಗಳ ಭದ್ರತಾ ಸವಾಲುಗಳಿಗೆ ದೇಶದ ಸೇನೆ ಹೇಗೆ ಸಿದ್ಧವಾಗಬೇಕು ಎನ್ನುವುದು ನನಗೆ ಕೊಟ್ಟ ವಿಷಯ. ಈ ವಿಷಯ ಸಿಕ್ಕಿದಾಗ ಮುಂದಿನ ಯುದ್ಧದ ಚಿತ್ರವೊಂದನ್ನು ಬಿಡಿಸಿ ತೋರಿಸುವುದು ವಾಡಿಕೆ. ನಾನು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಏಕೆಂದರೆ ನಮ್ಮ ಮೇಲೆ ಬಂದೆರಗಿದ ಸಂಕಟಗಳಲ್ಲಿ ಹೆಚ್ಚಿನವು, ಅವು ಬರುವ ಹಿಂದಿನ ವರ್ಷ ನಾವು ಊಹಿಸಿಕೊಂಡಿದ್ದ ರೂಪದಲ್ಲಿ ಬರಲೇ ಇಲ್ಲ. ಚೀನಾ ದೊಡ್ಡ ಪ್ರಮಾಣದ ದಾಳಿಗೆ ಇಳಿಯಲಾರದು ಎಂದು 1962ರಲ್ಲಿ ನಂಬಿದ್ದೆವು. ಚಳಿಗಾಲದಲ್ಲಿ ನಾವು ತೆರವು ಮಾಡುತ್ತಿದ್ದ ಕಾರ್ಗಿಲ್‌ನ ಶಿಖರಗಳಿಗೆ ಇನ್ನೊಬ್ಬರು ಹತ್ತಿ ಕೂರಲಾರರು ಎಂದು 1999ರಲ್ಲಿ ನಂಬಿದ್ದೆವು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ, ಅಣ್ವಸ್ತ್ರವುಳ್ಳ ಎರಡು ದೇಶಗಳ ಸೈನಿಕರು ಒಂದು ಗುಂಡನ್ನೂ ಹಾರಿಸದೆ ಕಲ್ಲು ಮತ್ತು ಮೊಳೆ ಜಡಿದ ಸಲಾಕೆಗಳಿಂದ ಹೊಡೆದಾಡುತ್ತಾರೆ, ನಮ್ಮ 20 ಮಂದಿ ಅಲ್ಲಿ ಪ್ರಾಣ ಕೊಡುತ್ತಾರೆ ಎಂದು ಯಾವ ಪಾಠದ ಕೋಣೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. 1971 ದೊಡ್ಡ ಅಪವಾದ. ಆಗ ಏಪ್ರಿಲಿನಿಂದ ಡಿಸೆಂಬರಿನವರೆಗೆ ತಯಾರಿಗೆ ಕಾಲಾವಕಾಶ ಸಿಕ್ಕಿತು, ಆ ಅವಕಾಶವನ್ನು ನಮ್ಮ ಹಿರಿಯರು ಚೆನ್ನಾಗಿ ಬಳಸಿಕೊಂಡರು. ಎದುರಾಳಿ ಮುಂದೆಯೂ ನಮಗೆ ಎಂಟು ತಿಂಗಳು ಕೊಟ್ಟು ಕಾಯುತ್ತಾನೆಂದು ನಂಬಿ ಕೂರುವ ಹಾಗಿಲ್ಲ.

ಆದ್ದರಿಂದ ಊಹೆಯನ್ನು ಸರಿಮಾಡಿಕೊಳ್ಳುವುದರಲ್ಲೇ ಎಲ್ಲ ಶಕ್ತಿಯನ್ನೂ ಸುರಿಯುವ ಬದಲು, ಊಹೆ ತಪ್ಪಿದಾಗ ಎಷ್ಟು ಬೇಗ ತಿದ್ದಿಕೊಳ್ಳುತ್ತೇವೆ, ತಿದ್ದಿಕೊಳ್ಳುವವರೆಗೆ ಎಷ್ಟು ದಿನ ತಾಳಿಕೊಳ್ಳುತ್ತೇವೆ ಎಂಬ ಎರಡು ಪ್ರಶ್ನೆಗಳನ್ನು ಸೇನೆ ತನಗೆ ತಾನೇ ಹಾಕಿಕೊಳ್ಳಬೇಕು ಎಂಬುದು ನನ್ನ ವಾದ. ಈ ಎರಡಕ್ಕೆ ಉತ್ತರವಿದ್ದರೆ ಹಳೆಯ ಆಯುಧದಿಂದಲೂ ನಿಭಾಯಿಸಬಹುದು. ಇಲ್ಲದಿದ್ದರೆ ಹೊಸ ಆಯುಧವೂ ಕವಾಯತಿನ ಮೈದಾನದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ತಿದ್ದಿಕೊಳ್ಳುವ ಮಾತನ್ನು ಖಡಕವಾಸ್ಲಾದಿಂದಲೇ ಆರಂಭಿಸುತ್ತೇನೆ. ಅಲ್ಲಿನ ಅಕಾಡೆಮಿಯ ಗುಮ್ಮಟವುಳ್ಳ ಮುಖ್ಯ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೂರ್ವ ಆಫ್ರಿಕಾದಲ್ಲಿ ಭಾರತೀಯ ಸೈನಿಕರು ಮಾಡಿದ ಬಲಿದಾನದ ನೆನಪಿಗೆ ಸುಡಾನ್ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತ್ತು, ಅದರ ಗೌರವಕ್ಕೆ ಈ ಹೆಸರು. ಅದೇ ರಣರಂಗದಲ್ಲಿ, ಸುಡಾನ್ ಮತ್ತು ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಗಡಿಯಲ್ಲಿ, ನಮ್ಮ ಬಾಂಬೆ ಸಾಪರ್‌ಗಳ ಯುವ ಅಧಿಕಾರಿ ಪ್ರೇಮೀಂದ್ರ ಸಿಂಗ್ ಭಗತ್ ಅವರು 1941ರ ಜನವರಿ 31ರಿಂದ ಫೆಬ್ರುವರಿ 4ರವರೆಗೆ ದಂಡಿನ ಮುಂಚೂಣಿಯಲ್ಲಿದ್ದು ಸುಮಾರು 88 ಕಿಲೋಮೀಟರ್ ದಾರಿಯಲ್ಲಿ 15 ಕಡೆ ಹುಗಿದಿದ್ದ ನೆಲಬಾಂಬುಗಳನ್ನು ಪತ್ತೆಹಚ್ಚಿ ತೆಗೆಸಿದರು. ಅವರಿದ್ದ ವಾಹನ ಎರಡು ಬಾರಿ ಬಾಂಬಿನ ಮೇಲೆ ಹಾದು ಸಿಡಿಯಿತು, ಜೊತೆಗಿದ್ದವರು ಸತ್ತರು, ಸಿಡಿತದ ಹೊಡೆತಕ್ಕೆ ಕಿವಿಯ ತಮಟೆ ಹರಿಯಿತು. ಆದರೂ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸದೆ ಮುಂದುವರಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ಬಂತು. ಖಡ್ಕಿಯ ಸಾಪರ್‌ಗಳಿಗೆ ಈ ಕಥೆ ಬಾಯಿಪಾಠ.

ಆದರೆ ಭಗತ್ ಅವರ ಇನ್ನೊಂದು ಕೆಲಸವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1962ರ ಸೋಲಿನ ನಂತರ, ಎಲ್ಲಿ ಎಡವಿದೆವು ಎಂದು ಪರಿಶೀಲಿಸಲು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಅವರೊಂದಿಗೆ ನೇಮಕವಾದ ಎರಡನೆಯ ಅಧಿಕಾರಿ ಇದೇ ಭಗತ್, ಆಗ ಬ್ರಿಗೇಡಿಯರ್. ನೆಲದೊಳಗಿನ ಬಾಂಬನ್ನು ಹುಡುಕಿದ ಹಾಗೆಯೇ ವ್ಯವಸ್ಥೆಯೊಳಗಿನ ತಪ್ಪನ್ನು ಹುಡುಕುವ ಹೊಣೆ ಅವರಿಗೆ ಬಂತು. ಆ ವರದಿ 1963ರಲ್ಲಿ ಸಲ್ಲಿಕೆಯಾಯಿತು. ಸರ್ಕಾರ ಇಂದಿನವರೆಗೂ ಅದನ್ನು ಅಧಿಕೃತವಾಗಿ ಪ್ರಕಟಿಸಿಲ್ಲ. 2014ರಲ್ಲಿ ಅದರ ಒಂದು ಭಾಗ ಹೊರಗೆ ಬಂದದ್ದು ವಿದೇಶಿ ಪತ್ರಕರ್ತರೊಬ್ಬರ ಮೂಲಕ. ನಾನು ಸರ್ಕಾರದ ಗೋಪ್ಯತೆಯನ್ನು ಗೌರವಿಸಿಕೊಂಡು ಬದುಕಿದವನು. ಹಾಗಿದ್ದೂ ಹೇಳುತ್ತೇನೆ, ಅರುವತ್ತು ವರ್ಷ ಕಳೆದ ಮೇಲೆ ಆ ವರದಿಯಿಂದ ಶತ್ರುವಿಗೆ ತಿಳಿಯುವ ಗುಟ್ಟಿಗಿಂತ ನಮ್ಮ ಎಳೆಯ ಅಧಿಕಾರಿಗಳಿಗೆ ತಿಳಿಯಬೇಕಾದ ಪಾಠವೇ ಹೆಚ್ಚು. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಸಮಿತಿಯ ವರದಿ ಕೆಲವು ಭಾಗಗಳನ್ನು ಬಿಟ್ಟು ಸಂಸತ್ತಿನ ಮುಂದೆ ಬಂತು, ಜನ ಓದಿದರು, ಚರ್ಚೆಯಾಯಿತು. ಅದರ ಬೆನ್ನಲ್ಲೇ 2001ರಲ್ಲಿ ಸಚಿವರ ಗುಂಪು ಮೂರು ಪಡೆಗಳಿಗೂ ಸೇರಿ ಒಬ್ಬ ರಕ್ಷಣಾ ಮುಖ್ಯಸ್ಥರು ಬೇಕು ಎಂದಿತು. ಆ ಹುದ್ದೆಯಲ್ಲಿ ಜನರಲ್ ಬಿಪಿನ್ ರಾವತ್ ಕುಳಿತದ್ದು 2020ರ ಜನವರಿ 1ರಂದು. ಪಾಠ ಓದುವುದಕ್ಕೂ ಕಲಿಯುವುದಕ್ಕೂ ನಡುವೆ ಸುಮಾರು 19 ವರ್ಷ ಕಳೆದವು.

ಇಂದಿನ ಯುದ್ಧ ಅಷ್ಟು ಕಾಯುವುದಿಲ್ಲ. 2022ರ ಫೆಬ್ರುವರಿಯಲ್ಲಿ ಆರಂಭವಾದ ಉಕ್ರೇನ್ ಯುದ್ಧವನ್ನು ನೋಡಿ. ಮೊದಲು ದೊಡ್ಡ ಡ್ರೋನ್‌ಗಳ ಮಾತಿತ್ತು. ಆಮೇಲೆ ಹುಡುಗರು ಪಂದ್ಯಕ್ಕೆ ಹಾರಿಸುತ್ತಿದ್ದ ಪುಟ್ಟ ಡ್ರೋನಿಗೆ ಸಿಡಿತಲೆ ಕಟ್ಟಿ, ಕೆಲವು ನೂರು ಡಾಲರ್ ಖರ್ಚಿನಲ್ಲಿ ಹತ್ತಾರು ಲಕ್ಷ ಡಾಲರ್ ಬೆಲೆಯ ಟ್ಯಾಂಕನ್ನು ಸುಡುವುದು ರೂಢಿಯಾಯಿತು. ಎದುರು ಪಕ್ಷ ರೇಡಿಯೋ ಸಂಕೇತಗಳನ್ನು ಕೆಡಿಸುವ ಜ್ಯಾಮರ್ ತಂದಿತು. ಡ್ರೋನಿನವರು ತರಂಗಾಂತರ ಬದಲಿಸಿದರು. ಜ್ಯಾಮರ್‌ನವರು ಅದನ್ನೂ ಹಿಡಿದರು. ಕೊನೆಗೆ ರೇಡಿಯೋದ ಗೊಡವೆಯೇ ಬೇಡವೆಂದು, ಗಾಳಿಪಟದ ದಾರದಂತೆ ಹಿಂದೆ ಬಿಚ್ಚಿಕೊಳ್ಳುತ್ತಾ ಹೋಗುವ ಆಪ್ಟಿಕಲ್ ಫೈಬರ್ ಎಳೆಯ ಮೇಲೆ ಡ್ರೋನ್ ಹಾರಿಸಿದರು. ಅದಕ್ಕೆ ಜ್ಯಾಮರ್ ನಾಟುವುದಿಲ್ಲ. ಈ ಬದಲಾವಣೆಗಳ ನಡುವಿನ ಅಂತರವನ್ನು ವರ್ಷಗಳಲ್ಲಿ ಅಳೆಯಲಾಗದು, ವಾರಗಳಲ್ಲಿ ಅಳೆಯಬೇಕು. 2025ರ ಜೂನ್ 1ರಂದು ಉಕ್ರೇನಿನವರು ರಷ್ಯಾದ ಒಳಗೆ ಲಾರಿಗಳಲ್ಲಿ ಅಡಗಿಸಿ ಒಯ್ದಿದ್ದ 117 ಡ್ರೋನ್‌ಗಳನ್ನು ಅಲ್ಲಿನ ವಾಯುನೆಲೆಗಳ ಪಕ್ಕದಿಂದಲೇ ಹಾರಿಸಿ, ನಿಂತಿದ್ದ ಭಾರೀ ಬಾಂಬರ್ ವಿಮಾನಗಳನ್ನು ಸುಟ್ಟರು. ಗಡಿಯಿಂದ ಸಾವಿರಾರು ಕಿಲೋಮೀಟರ್ ದೂರವಿದ್ದರೆ ಸುರಕ್ಷಿತ ಎಂಬ ಎಣಿಕೆಯನ್ನು ಅಂದಿನಿಂದ ಎಲ್ಲ ಸೇನೆಗಳೂ ತಿದ್ದಿಕೊಳ್ಳಬೇಕಾಯಿತು.

ನಮ್ಮ ಅನುಭವವೂ ಇದೆ. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು 26 ಜನರನ್ನು ಕೊಂದ ನಂತರ, ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಆರಂಭವಾಯಿತು. ಮೇ 8ರ ರಾತ್ರಿ ಪಾಕಿಸ್ತಾನ 36 ಸ್ಥಳಗಳ ಮೇಲೆ ಮುನ್ನೂರು ನಾನೂರು ಡ್ರೋನ್‌ಗಳನ್ನು ಕಳಿಸಿತೆಂದು ನಮ್ಮ ಅಧಿಕಾರಿಗಳು ಹೇಳಿದರು. ಅವುಗಳನ್ನು ಎದುರಿಸಿದ ಅಸ್ತ್ರಗಳಲ್ಲಿ ರಷ್ಯಾದ ಎಸ್-400 ವಿಮಾನವಿರೋಧಿ ಕ್ಷಿಪಣಿ ವ್ಯವಸ್ಥೆ ಇತ್ತು; ಜೊತೆಗೆ ಅರ್ಧ ಶತಮಾನಕ್ಕೂ ಹಳೆಯ ವಿನ್ಯಾಸದ ಎಲ್-70 ವಿಮಾನವಿರೋಧಿ ತೋಪೂ ಇತ್ತು. ಹಳೆಯ ತೋಪಿಗೆ ಹೊಸ ಕಣ್ಣು ಜೋಡಿಸಿ, ಬೆಂಗಳೂರಿನ ಬಿಇಎಲ್ ಸಂಸ್ಥೆಯ ಆಕಾಶ್‌ತೀರ್ ವ್ಯವಸ್ಥೆಯ ಮೂಲಕ ಒಂದೇ ಚಿತ್ರವನ್ನು ಎಲ್ಲ ತೋಪುಗಳವರಿಗೂ ತೋರಿಸಿದ್ದರಿಂದ ಅದು ಮತ್ತೆ ಉಪಯೋಗಕ್ಕೆ ಬಂತು. ಆ ಕಾರ್ಯಾಚರಣೆಯ ಆರಂಭದಲ್ಲಿ ನಮಗೂ ವಿಮಾನಗಳ ನಷ್ಟವಾಯಿತು. ಅದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ಮೇ 31ರಂದು ಸಿಂಗಪುರದಲ್ಲಿ ಒಪ್ಪಿಕೊಂಡರು; ತಂತ್ರದಲ್ಲಾದ ತಪ್ಪನ್ನು ಅರ್ಥಮಾಡಿಕೊಂಡು, ತಿದ್ದಿ, ಎರಡು ದಿನಗಳ ನಂತರ ಮತ್ತೆ ವಿಮಾನಗಳನ್ನು ಹಾರಿಸಿದೆವು ಎಂಬ ಅರ್ಥದ ಮಾತನ್ನೂ ಹೇಳಿದರು. ಕೆಲವರಿಗೆ ಆ ಒಪ್ಪಿಗೆ ಹಿಡಿಸಲಿಲ್ಲ. ನನಗೆ ಅದು ಬಹಳ ದೊಡ್ಡ ಮಾತಾಗಿ ಕೇಳಿಸಿತು. 1962ರ ತಪ್ಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ದೇಶ, 2025ರ ತಪ್ಪನ್ನು ಎರಡು ದಿನಗಳಲ್ಲಿ ತಿದ್ದಿಕೊಂಡಿತು, ತಿಂಗಳೊಳಗೆ ಬಾಯಿಬಿಟ್ಟು ಹೇಳಿತು. ಸಿದ್ಧತೆ ಎಂದರೆ ನನ್ನ ಮನಸ್ಸಿನಲ್ಲಿರುವುದು ಇದೇ ಗುಣ.

ಇನ್ನು ತಾಳಿಕೊಳ್ಳುವ ಮಾತು. ಇದು ಸಪ್ಪೆ ವಿಷಯ. ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ದಾಪೋಡಿಯಲ್ಲಿ ಮುಳಾ ನದಿಯ ದಂಡೆಯ ಮೇಲೆ ನಮಗೆ ಬಿಡಿ ಚೌಕಟ್ಟುಗಳನ್ನು ಜೋಡಿಸಿ ನಿಲ್ಲಿಸುವ ಬೈಲಿ ಸೇತುವೆ ಕಟ್ಟುವುದನ್ನು ಕಲಿಸುತ್ತಿದ್ದರು. ಅದರ ಒಂದೊಂದು ಚೌಕಟ್ಟೂ ಹತ್ತು ಅಡಿ ಉದ್ದ, ಐದು ಅಡಿ ಎತ್ತರ, ತೂಕ ಸುಮಾರು 260 ಕಿಲೋ. ಆರು ಜನ ಸಲಾಕೆ ತೂರಿಸಿ ಹೆಗಲು ಕೊಟ್ಟು ಒಯ್ಯಬೇಕು. ಎರಡು ಚೌಕಟ್ಟುಗಳನ್ನು ಜೋಡಿಸುವುದು ಅಂಗೈಯಲ್ಲಿ ಹಿಡಿಯುವಷ್ಟು ದಪ್ಪದ ಉಕ್ಕಿನ ಪಿನ್ನು, ಆ ಪಿನ್ನು ಜಾರದಂತೆ ತಡೆಯುವುದು ಅದರ ತುದಿಯಲ್ಲಿ ಸಿಕ್ಕಿಸುವ ಬೆರಳುದ್ದದ ಕೊಕ್ಕೆ. ನಮ್ಮ ಸುಬೇದಾರ್ ಸಾಹೇಬರು ಚೌಕಟ್ಟುಗಳನ್ನು ಒಂದು ಸಲ ಎಣಿಸುತ್ತಿದ್ದರು. ಕೊಕ್ಕೆಗಳನ್ನು ಮಾತ್ರ ಕೆಲಸಕ್ಕೆ ಮುಂಚೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ಪೆಟ್ಟಿಗೆಗೆ ಬೀಗ ಹಾಕುವಾಗ ಇನ್ನೊಮ್ಮೆ ಎಣಿಸುತ್ತಿದ್ದರು. ಒಂದು ಸಂಜೆ ಒಂದು ಕೊಕ್ಕೆ ಕಡಿಮೆ ಬಂತು. ಕತ್ತಲಾಗುವವರೆಗೆ ಇಡೀ ತುಕಡಿ ಮಂಡಿಯೂರಿ ಹೊಳೆಯ ಕೆಸರಿನಲ್ಲಿ ಬೆರಳಾಡಿಸಿ ಅದನ್ನು ಹುಡುಕಿದೆವು. ಆಗ ನನಗೆ ಸಿಟ್ಟು ಬಂದಿತ್ತು.

ಆ ಸಿಟ್ಟು ಇಳಿದದ್ದು ಕೆಲವು ವರ್ಷಗಳ ನಂತರ, ಗಡಿಯ ಒಂದು ಎತ್ತರದ ಠಾಣೆಯಲ್ಲಿ. ಅಲ್ಲಿ ರಸ್ತೆಯ ಮೇಲೆ ಬಿದ್ದ ಹಿಮವನ್ನು ಸರಿಸಲು ನಮ್ಮ ಬಳಿ ಇದ್ದ ಬುಲ್ಡೋಜರ್ ನಾಲ್ಕು ತಿಂಗಳು ನಿಂತಿತು. ಎಂಜಿನ್ ಚೆನ್ನಾಗಿತ್ತು, ಡೀಸೆಲ್ ಇತ್ತು, ಓಡಿಸುವವನಿದ್ದ. ಇಲ್ಲದ್ದು ತಟ್ಟೆಯಷ್ಟಗಲದ ಒಂದು ರಬ್ಬರಿನ ಆಯಿಲ್ ಸೀಲು. ಬೇಡಿಕೆಯ ಪತ್ರ ಒಂದು ದಾಸ್ತಾನು ಕೇಂದ್ರದಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ನಮೂನೆ ಸರಿಯಿಲ್ಲವೆಂದು ಹಿಂದಿರುಗಿ ಬಂತು. ನಮ್ಮ ಹವಾಲ್ದಾರ್ ಮೆಕ್ಯಾನಿಕ್ ಲಾರಿಯ ಹಳೆಯ ಟ್ಯೂಬನ್ನು ಕತ್ತರಿಸಿ ಮೂರು ಸಲ ಸೀಲು ಮಾಡಿ ನೋಡಿದ. ಮೂರೂ ಸಲ ಎಣ್ಣೆ ಸೋರಿತು. ಆ ಚಳಿಗಾಲ ನಮ್ಮ ಜವಾನರು ಸಲಿಕೆಯಿಂದ ಹಿಮ ತೆಗೆದರು. ಯುದ್ಧ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಇದನ್ನೇ ದೊಡ್ಡ ಅಳತೆಯಲ್ಲಿ ನೋಡಿ. ಉಕ್ರೇನ್ ಯುದ್ಧಕ್ಕೆ ಮುಂಚೆ ಅಮೆರಿಕದಂಥ ಅಮೆರಿಕ ತಿಂಗಳಿಗೆ ತಯಾರಿಸುತ್ತಿದ್ದ 155 ಮಿಲಿಮೀಟರ್ ತೋಪಿನ ಗುಂಡುಗಳು ಸುಮಾರು 14,000. ಯುದ್ಧ ಬಿರುಸಾದ ದಿನಗಳಲ್ಲಿ ರಷ್ಯಾದ ತೋಪುಗಳು ಒಂದೆರಡು ದಿನಗಳಲ್ಲೇ ಅಷ್ಟು ಗುಂಡು ಹಾರಿಸುತ್ತಿದ್ದವು. ನಮ್ಮಲ್ಲಿ 2017ರ ಸಿಎಜಿ ವರದಿ, ಪರಿಶೀಲಿಸಿದ ಮದ್ದುಗುಂಡಿನ ಬಗೆಗಳಲ್ಲಿ ಸುಮಾರು ಶೇಕಡಾ 40ರಷ್ಟು 10 ದಿನಗಳ ತೀವ್ರ ಯುದ್ಧಕ್ಕೂ ಸಾಲುವುದಿಲ್ಲ ಎಂದು ತೋರಿಸಿತ್ತು. ಆಮೇಲೆ ತುರ್ತು ಖರೀದಿಯ ಅಧಿಕಾರವನ್ನು ಸೇನೆಗೆ ಕೊಟ್ಟರು, ಪರಿಸ್ಥಿತಿ ಸುಧಾರಿಸಿತು. ಆದರೆ ತುರ್ತು ಖರೀದಿ ಎನ್ನುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವೇ. ದಾಸ್ತಾನು ಇರಬೇಕು, ದಾಸ್ತಾನಿಗಿಂತ ಹೆಚ್ಚಾಗಿ, ಬೇಕಾದಾಗ ಉತ್ಪಾದನೆಯನ್ನು ಮೂರು ಪಟ್ಟು ನಾಲ್ಕು ಪಟ್ಟು ಏರಿಸಬಲ್ಲ ಕಾರ್ಖಾನೆ ಇರಬೇಕು. ಶಾಂತಿಕಾಲದಲ್ಲಿ ಆ ಕಾರ್ಖಾನೆಯ ಕೆಲವು ಯಂತ್ರಗಳು ಸುಮ್ಮನೆ ನಿಂತಿರುತ್ತವೆ. ಅದಕ್ಕೆ ಖರ್ಚಾಗುತ್ತದೆ. ಲೆಕ್ಕಪತ್ರ ನೋಡುವವರಿಗೆ ಅದು ದಂಡವೆಂದು ಕಾಣುತ್ತದೆ. ಆ ದಂಡವನ್ನು ತೆರಲು ದೇಶ ಒಪ್ಪಬೇಕು. 2021ರ ಅಕ್ಟೋಬರಿನಲ್ಲಿ ಹಳೆಯ ಸರ್ಕಾರಿ ಶಸ್ತ್ರಾಸ್ತ್ರ (ಆರ್ಡ್ನೆನ್ಸ್) ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ವಿಭಜಿಸಿದಾಗ, ಮದ್ದುಗುಂಡಿನ ಕಂಪನಿಯ ಮುಖ್ಯ ಕಚೇರಿ ನಮ್ಮ ಪುಣೆಗೇ ಬಂತು. ಅದರ ಲಾಭನಷ್ಟದ ಪಟ್ಟಿಯಲ್ಲಿ, ನಿಂತ ಯಂತ್ರದ ಖರ್ಚಿಗೂ ಒಂದು ಗೌರವದ ಜಾಗ ಬೇಕು.

ತೋಪಿನ ಕಥೆಯೂ ಹಾಗೆಯೇ. 1986ರಲ್ಲಿ 410 ಬೋಫೋರ್ಸ್ ತೋಪುಗಳಿಗೆ ಒಪ್ಪಂದವಾಯಿತು. ಆ ವ್ಯವಹಾರದ ಹಗರಣದ ನಂತರ ಮೂವತ್ತು ವರ್ಷ ನಾವು ಆ ಗಾತ್ರದ ಹೊಸ ತೋಪನ್ನು ಕೊಳ್ಳಲಿಲ್ಲ. ಕಾರ್ಗಿಲ್‌ನಲ್ಲಿ ನಮ್ಮ ಮಾನ ಉಳಿಸಿದ್ದು ಅದೇ ಬೋಫೋರ್ಸ್. ಪಾಷಾಣದ ಪ್ರಯೋಗಾಲಯ 2013ರ ಸುಮಾರಿಗೆ ಸ್ವದೇಶಿ ಎಳೆದೊಯ್ಯುವ ತೋಪಿನ ಕೆಲಸ ಕೈಗೆತ್ತಿಕೊಂಡಿತು. 307 ತೋಪುಗಳಿಗೆ ಒಪ್ಪಂದ ಸಹಿಯಾದದ್ದು 2025ರ ಮಾರ್ಚ್‌ನಲ್ಲಿ, ಅದರ ದೊಡ್ಡ ಪಾಲು ಇದೇ ಊರಿನ ಭಾರತ್ ಫೋರ್ಜ್‌ಗೆ ಬಂತು. ನನಗೆ ಇದರಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ. ತೋಪು ನಮ್ಮದೇ ಆದದ್ದು ಹೆಮ್ಮೆ, ಹನ್ನೆರಡು ವರ್ಷ ಹಿಡಿದದ್ದು ನೋವು. ತೇಜಸ್ ಮಾರ್ಕ್-1ಎ ವಿಮಾನಗಳು ಅಮೆರಿಕದ ಎಂಜಿನ್ನಿಗಾಗಿ ಕಾದು ತಡವಾದುದನ್ನು ಬೆಂಗಳೂರಿನ ನಂಟಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ, 42 ಯುದ್ಧವಿಮಾನ ಸ್ಕ್ವಾಡ್ರನ್‌ಗಳಿರಬೇಕಾದ ವಾಯುಪಡೆಯಲ್ಲಿ 29 ಉಳಿದವು. ಎಂಜಿನ್ ತಯಾರಿಸಲು ಬಾರದವನು ವಿಮಾನದ ಮಾಲೀಕನಾಗಿದ್ದರೂ ಅರ್ಧ ಬಾಡಿಗೆದಾರನೇ.

ಸವಾಲು ಯಾವ ಕಡೆಯಿಂದ ಬರುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. ಖಡಕವಾಸ್ಲಾದಿಂದ ತಲೆಯೆತ್ತಿದರೆ ಸಿಂಹಗಡ ಕಾಣುತ್ತದೆ. 1670ರಲ್ಲಿ ತಾನಾಜಿ ಮಾಲುಸರೆ ಅದರ ಹೆಬ್ಬಾಗಿಲಿಗೆ ಹೋಗಲಿಲ್ಲ. ಯಾರೂ ಹತ್ತಲಾರರೆಂದು ಕಾವಲು ತೆಳುವಾಗಿದ್ದ ಕಡಿದಾದ ಬಂಡೆಯನ್ನು ರಾತ್ರಿಯಲ್ಲಿ ಹತ್ತಿದರು. ನಮ್ಮ ಚಿತ್ರದುರ್ಗದಲ್ಲಿ ಹೈದರಾಲಿಯ ಸೈನಿಕರು ಏಳು ಸುತ್ತಿನ ಕೋಟೆಯ ಬಾಗಿಲು ಬಿಟ್ಟು ನೀರಿನ ಬಳಿಯ ಕಿಂಡಿಯನ್ನು ಹುಡುಕಿಕೊಂಡು ಬಂದರೆಂದು ಓಬವ್ವನ ಕಥೆ ಹೇಳುತ್ತದೆ. ಈ ಎರಡು ಕೋಟೆಗಳ ನಡುವೆ ಬೆಳೆದ ನಮಗೆ, ಮುಂದಿನ ಶತ್ರು ಗಡಿಯ ಹೆಬ್ಬಾಗಿಲಿಗಿಂತ ಮೊದಲು ಕಿಂಡಿಯನ್ನು ಹುಡುಕುತ್ತಾನೆ ಎಂದು ಬೇರೆಯವರು ಹೇಳಿಕೊಡಬೇಕಿಲ್ಲ. 2008ರ ನವೆಂಬರ್ 26ರಂದು ಮುಂಬಯಿಗೆ ಹತ್ತು ಮಂದಿ ಬಂದದ್ದು, ಅಪಹರಿಸಿದ ನಮ್ಮದೇ ಮೀನುಗಾರಿಕೆ ದೋಣಿಯಲ್ಲಿ. 166 ಜನ ಸತ್ತರು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ವಿದ್ಯುತ್ ಹೋಗಿ ಲೋಕಲ್ ರೈಲುಗಳು ನಿಂತವು, ಆಸ್ಪತ್ರೆಗಳು ಜನರೇಟರಿನ ಮೇಲೆ ನಡೆದವು. ಅದರ ಹಿಂದೆ ಸೈಬರ್ ದಾಳಿಯಿರಬಹುದೆಂದು ರಾಜ್ಯದ ಗೃಹಸಚಿವರು ಹೇಳಿದರು, ಮಾನವ ದೋಷವೆಂದು ಕೇಂದ್ರದ ವಿದ್ಯುತ್ ಸಚಿವರು ಹೇಳಿದರು. ಕಾರಣ ಯಾವುದೇ ಇರಲಿ, ಒಂದು ಗುಂಡೂ ಹಾರದೆ ಮಹಾನಗರವೊಂದು ನಿಲ್ಲಬಹುದೆಂಬುದು ಎಲ್ಲರಿಗೂ ಕಂಡಿತು. 2024ರ ಸೆಪ್ಟೆಂಬರಿನಲ್ಲಿ ಲೆಬನಾನಿನಲ್ಲಿ ಜನರ ಜೇಬಿನಲ್ಲಿದ್ದ ಪೇಜರುಗಳೇ ಸಿಡಿದವು. ಕೊಂಡುತಂದ ಉಪಕರಣದ ಹೊಟ್ಟೆಯಲ್ಲಿ ಏನಿದೆ ಎಂದು ಬಿಚ್ಚಿನೋಡದವನ ಗತಿ ಅದು. ನಮ್ಮ ಸೇನೆಯೂ ಚೀನಾದ ಬಿಡಿಭಾಗಗಳಿದ್ದ ಕಾರಣಕ್ಕೆ ಕೆಲವು ನೂರು ಡ್ರೋನ್‌ಗಳ ಖರೀದಿಯನ್ನು 2025ರಲ್ಲಿ ರದ್ದುಮಾಡಿತು. ಸರಿಯಾದ ನಿರ್ಧಾರ, ಆದರೆ ಬಿಚ್ಚಿನೋಡುವ ಕೆಲಸ ಕೊಳ್ಳುವುದಕ್ಕೆ ಮೊದಲೇ ಆಗಬೇಕಿತ್ತು.

ವಿದ್ಯುತ್ ಜಾಲ, ಬಂದರು, ರೈಲಿನ ಸಿಗ್ನಲ್ಲು, ಸಮುದ್ರದಡಿಯಿಂದ ಮುಂಬಯಿಗೆ ಬಂದು ತಲುಪುವ ಇಂಟರ್ನೆಟ್ ಕೇಬಲ್ಲು, ಇವುಗಳಲ್ಲಿ ಯಾವುದನ್ನೂ ಸೇನೆ ನಡೆಸುವುದಿಲ್ಲ. ಆದರೆ ಇವು ನಿಂತರೆ ಸೇನೆಯೂ ನಿಲ್ಲುತ್ತದೆ. ಪುಣೆ, ಬೆಂಗಳೂರುಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಸಾವಿರಾರು ಜನರಲ್ಲಿ ಇಷ್ಟವಿದ್ದವರನ್ನು, ಟೆರಿಟೋರಿಯಲ್ ಆರ್ಮಿಯ ಮಾದರಿಯಲ್ಲಿ, ವರ್ಷಕ್ಕೆ ಕೆಲವು ವಾರ ಸೈಬರ್ ರಕ್ಷಣೆಯ ಅಭ್ಯಾಸಕ್ಕೆ ಕರೆಸುವ ವ್ಯವಸ್ಥೆ ದೊಡ್ಡದಾಗಿ ಬೆಳೆಯಬೇಕು. ಓಬವ್ವ ಕೋಟೆಯ ಪಗಾರದ ಪಟ್ಟಿಯಲ್ಲಿದ್ದವಳಲ್ಲ. ಕಿಂಡಿಯ ಹತ್ತಿರ ಎಚ್ಚರವಾಗಿದ್ದವಳು.

ಮೂರು ಪಡೆಗಳ ಒಗ್ಗೂಡುವಿಕೆಯ ಬಗ್ಗೆ ಬಹಳಷ್ಟು ಚರ್ಚೆ ನಡೆದಿದೆ, ನಾನು ಹೆಚ್ಚು ಹೇಳುವುದಿಲ್ಲ. ಭೂಸೇನೆಗೆ 7, ವಾಯುಪಡೆಗೆ 7, ನೌಕಾಪಡೆಗೆ 3, ಹೀಗೆ 17 ಕಮಾಂಡ್‌ಗಳು ಬೇರೆಬೇರೆ ಊರುಗಳಿಂದ ಒಂದೇ ಗಡಿಯನ್ನು ನೋಡುತ್ತಿವೆ. ಖಡಕವಾಸ್ಲಾದಲ್ಲಿ ಮೂರು ವರ್ಷ ಒಂದೇ ಮೆಸ್ಸಿನಲ್ಲಿ ಉಂಡ ಹುಡುಗರು ಮುಂದೆ ಮೂರು ಬಣ್ಣದ ಸಮವಸ್ತ್ರ ತೊಟ್ಟ ಮೇಲೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಿಸದ ಸ್ಥಿತಿ ಹೋಗಬೇಕು. ಮೂರೂ ಪಡೆಗಳನ್ನು ಒಬ್ಬ ಅಧಿಕಾರಿಯ ಕೈಕೆಳಗೆ ತರುವ ಥಿಯೇಟರ್ ಕಮಾಂಡ್‌ಗಳು ಬರಲಿ, ಬೇಗ ಬರಲಿ.

ಹೆಚ್ಚು ಹೇಳಬೇಕಾದದ್ದು ಜವಾನನ ಬಗ್ಗೆ. ಎತ್ತರದ ಠಾಣೆಯಲ್ಲಿ ಡ್ರೋನ್ ಹಾರಿಸುವ ಹುಡುಗ ಬ್ಯಾಟರಿಯನ್ನು ಡ್ರೋನಿನಲ್ಲಿಯೇ ಬಿಡುವುದಿಲ್ಲ. ಕೊರೆಯುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಬೇಗ ಇಳಿಯುತ್ತದೆ. ಅದಕ್ಕೆ ಅವನು ಅದನ್ನು ಕೋಟಿನ ಒಳಗೆ, ಎದೆಗೆ ಒತ್ತಿ ಇಟ್ಟುಕೊಂಡು, ಹಾರಿಸುವ ನಿಮಿಷಕ್ಕೆ ಹೊರತೆಗೆಯುತ್ತಾನೆ. ಇದು ಅನುಭವದಿಂದ ಬರುವ ಜಾಣ್ಮೆ, ಕೈಪಿಡಿ ಓದಿ ಬರುವುದು ಕಡಿಮೆ. ಅಂಥ ಹುಡುಗ ತಯಾರಾಗಲು ಎಷ್ಟು ಕಾಲ ಬೇಕು? 2022ರ ಅಗ್ನಿಪಥ ಯೋಜನೆಯಲ್ಲಿ ಸೇರುವವರು ನಾಲ್ಕು ವರ್ಷ ಇರುತ್ತಾರೆ. ಅದರಲ್ಲಿ ಸುಮಾರು ಆರು ತಿಂಗಳು ತರಬೇತಿ. ಕೊನೆಗೆ ಶೇಕಡಾ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಸೇನೆಯ ಸರಾಸರಿ ವಯಸ್ಸು ಇಳಿಯಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಾಪರ್, ಸಿಗ್ನಲ್, ವಿಮಾನವಿರೋಧಿ ದಳ, ದುರಸ್ತಿ ದಳಗಳಲ್ಲಿ ನಾಲ್ಕನೆಯ ವರ್ಷದಲ್ಲಿ ಮನುಷ್ಯ ಆಗತಾನೇ ಕೈ ಪಳಗಿಸಿಕೊಂಡಿರುತ್ತಾನೆ. ಅಲ್ಲಿ ಉಳಿಸಿಕೊಳ್ಳುವ ಪ್ರಮಾಣ ಅರ್ಧಕ್ಕಿಂತ ಮೇಲಿರಬೇಕೆಂದು ನನ್ನ ಖಚಿತ ಅಭಿಪ್ರಾಯ. ಆ ಬುಲ್ಡೋಜರಿನ ಮುಂದೆ ಮೂರು ಸಲ ಸೀಲು ಕತ್ತರಿಸಿದ ಹವಾಲ್ದಾರ್ ಹದಿನೈದು ವರ್ಷ ಕೆಲಸ ಮಾಡಿದ್ದವನು.

2025ರ ಜುಲೈ 26ರಂದು ದ್ರಾಸ್‌ನಲ್ಲಿ ಭೂಸೇನೆಯ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಅವರು ಹಲವು ದಳಗಳನ್ನು ಒಟ್ಟುಗೂಡಿಸಿದ ರುದ್ರ ಬ್ರಿಗೇಡ್, ಹಗುರ ಕಮಾಂಡೋಗಳ ಭೈರವ ಬೆಟಾಲಿಯನ್, ಪ್ರತಿ ಕಾಲಾಳು ಬೆಟಾಲಿಯನ್ನಿಗೂ ಒಂದು ಡ್ರೋನ್ ತುಕಡಿ, ಹೀಗೆ ಹಲವು ಬದಲಾವಣೆಗಳನ್ನು ಪ್ರಕಟಿಸಿದರು. ಸ್ವಾಗತಾರ್ಹ. ಆದರೆ ಡ್ರೋನ್ ಎನ್ನುವುದು ಅಭ್ಯಾಸದಲ್ಲಿ ಒಡೆಯಲೇಬೇಕಾದ ವಸ್ತು. ಒಡೆದ ಒಂದೊಂದಕ್ಕೂ ವಿಚಾರಣೆ ನಡೆಸಿ ಹುಡುಗನ ಸಂಬಳದಿಂದ ಮುರಿದುಕೊಂಡರೆ, ಅವನು ಅದನ್ನು ಹಾರಿಸುವುದನ್ನೇ ಬಿಟ್ಟು ಪೆಟ್ಟಿಗೆಯಲ್ಲಿಟ್ಟು ಒರೆಸುತ್ತಾನೆ. ಕೊಕ್ಕೆ ಕಳೆಯಬಾರದು, ಡ್ರೋನ್ ಒಡೆಯಬಹುದು. ಯಾವುದನ್ನು ಜೋಪಾನ ಮಾಡಬೇಕು, ಯಾವುದನ್ನು ಧಾರಾಳವಾಗಿ ಖರ್ಚುಮಾಡಬೇಕು ಎಂಬ ತಿಳಿವಳಿಕೆ ನಮ್ಮ ನಿಯಮಗಳಲ್ಲಿ ಬರಬೇಕು.

ಬೆಟ್ಟವೂ ಬದಲಾಗುತ್ತಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದ ಅಡಿ ಆರು ದಿನ ಜೀವ ಹಿಡಿದಿದ್ದುದನ್ನು, ಹೊರತೆಗೆದ ಮೇಲೆ ದಿಲ್ಲಿಯಲ್ಲಿ ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲೋನಾಕ್ ಹಿಮಸರೋವರ ಒಡೆದಾಗ ತೀಸ್ತಾ ನದಿಯಲ್ಲಿ ಅಣೆಕಟ್ಟು, ಸೇತುವೆಗಳ ಜೊತೆಗೆ ಸೈನಿಕರೂ ಕೊಚ್ಚಿಹೋದರು. ಚೀನಾದ ಎದುರಿನ 3,488 ಕಿಲೋಮೀಟರ್ ಉದ್ದಕ್ಕೂ ನಾವು ಈಗ ರಸ್ತೆ, ಸುರಂಗ, ಸೇತುವೆಗಳನ್ನು ಕಟ್ಟುತ್ತಿದ್ದೇವೆ. ಹಿಮನದಿ ಕರಗುವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟಿದ ಸೇತುವೆಯನ್ನು ಶತ್ರು ಬಂದು ಒಡೆಯಬೇಕಾಗಿಲ್ಲ.

ಹಣದ ಮಾತು ಬಿಡುವಂತಿಲ್ಲ. 2025–26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೆ 1.61 ಲಕ್ಷ ಕೋಟಿ, ಹೊಸ ಆಯುಧ ಮತ್ತು ಇತರ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಆ ಪಿಂಚಣಿಯಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ದುಡಿದು ಪಡೆದಿದ್ದೇನೆ. ಹಾಗಾಗಿ ಪಿಂಚಣಿ ಕತ್ತರಿಸಿ ಎಂದು ನಾನು ಹೇಳಲಾರೆ. ಬಂಡವಾಳದ ಹಣದಲ್ಲಿ ದೊಡ್ಡ ಪಾಲು ಕಣ್ಣು ಕುಕ್ಕುವ ಯಂತ್ರಗಳಿಗೆ ಹೋಗಿ, ಬಿಡಿಭಾಗ, ಗುಂಡು, ಬ್ಯಾಟರಿ, ದುರಸ್ತಿಗೆ ಉಳಿದದ್ದು ಹೋಗುವ ಪದ್ಧತಿಯನ್ನು ತಿರುಗಿಸಿ, ಒಂದು ಯಂತ್ರ ಕೊಳ್ಳುವ ಮುಂಚೆಯೇ ಅದರ ಹತ್ತು ವರ್ಷಗಳ ಬಿಡಿಭಾಗದ ಹಣವನ್ನು ಬೇರೆ ತೆಗೆದಿಡಿ ಎನ್ನುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ಹಿರಿಯರು, ಕೃತಕ ಬುದ್ಧಿಮತ್ತೆ ಬಂದ ಮೇಲೆ ಸೈನಿಕನೇ ಬೇಕಾಗುವುದಿಲ್ಲವಲ್ಲ ಎಂದರು. ಯಂತ್ರ ಗುರಿ ತೋರಿಸಬಹುದು. ಗುಂಡು ಹಾರಿಸಬೇಕೇ ಬೇಡವೇ ಎಂಬುದಕ್ಕೆ ಹೊಣೆ ಹೊರಲು ಮನುಷ್ಯನೇ ಬೇಕು, ಆ ಹೊಣೆಯನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ಸೇನೆಯಲ್ಲಿ ನಾನು ಕೆಲಸ ಮಾಡಲು ಒಪ್ಪುತ್ತಿರಲಿಲ್ಲ ಎಂದು ಉತ್ತರಿಸಿದೆ.

ಕೊನೆಗೆ, ಹಿಂದಿನ ಸಾಲಿನಲ್ಲಿದ್ದ ಬೆಳಗಾವಿ ಕಡೆಯ ತಾಯಿಯೊಬ್ಬರು ಎದ್ದುನಿಂತರು. ಅವರ ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ, ಎನ್‌ಡಿಎ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. “ಸಾಹೇಬ್ರ, ಗಣಿತದ ಕ್ಲಾಸಿಗೆ ಹಾಕೀವಿ, ಓಡೋದು ಕಲಸ್ತೀವಿ. ಇನ್ನೇನು ಕಲಸ್ಬೇಕ್ರಿ?” ಎಂದು ಕೇಳಿದರು. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸೇರಿದ ಮೊದಲ 17 ಹೆಣ್ಣುಮಕ್ಕಳು 2025ರ ಮೇ 30ರಂದು ಖಡಕವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದುದನ್ನು ಆ ಹುಡುಗಿ ಟಿವಿಯಲ್ಲಿ ನೋಡಿದ್ದಳಂತೆ. ನಾನು ಆ ಹುಡುಗಿಯನ್ನೇ ಕೇಳಿದೆ: “ನಿಮ್ಮನ್ಯಾಗ ಮಿಕ್ಸರ್ ಕೆಟ್ರ ಯಾರು ಬಿಚ್ತಾರವ್ವ?” ಅಪ್ಪ ಅಂಗಡಿಗೆ ಒಯ್ಯುತ್ತಾರೆ ಎಂದಳು. ಮುಂದಿನ ಸಲ ಅಂಗಡಿಗೆ ಕಳಿಸುವ ಮುಂಚೆ ನೀನೇ ಬಿಚ್ಚು, ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಎಣಿಸಿ ಇಡು, ಕೆಟ್ಟದ್ದೇನೆಂದು ಹುಡುಕು, ಮತ್ತೆ ಜೋಡಿಸಿ ಸ್ಕ್ರೂ ಎಣಿಸು ಎಂದೆ. ಮರುವಾರ ಆ ತಾಯಿ ಫೋನ್ ಮಾಡಿದರು. ಮಿಕ್ಸರ್ ಇನ್ನೂ ಸರಿಯಾಗಿಲ್ಲವಂತೆ. ಮಗಳು ಅದನ್ನು ಎರಡನೆಯ ಸಲ ಬಿಚ್ಚಿ ಕೂತಿದ್ದಾಳಂತೆ.